ಕೂಸಿಗಿಂತ ಮೊದಲು ಕುಲಾವಿ

ಶನಿವಾರದ ಎಣ್ಣೆಸ್ನಾನವೆಂದರೆ ಮಕ್ಕಳ ಗುಟ್ಟುಗಳೆಲ್ಲ ಬಯಲಾಗುವ ಹೊತ್ತು. ಬಸವೇಶ್ವರನಗರದ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಬಚ್ಚಲಮನೆಯಲ್ಲಿ ಒಂಬತ್ತು ವರ್ಷದ ಹುಡುಗಿ ಮಣೆಯ ಮೇಲೆ ಕುಳಿತಿದ್ದಾಳೆ. ನೆತ್ತಿಗೆ ಎಣ್ಣೆಯೊತ್ತಿ, ಬೆನ್ನಿಗೆ ತಿಕ್ಕುತ್ತ ಬಂದ ತಾಯಿಯ ಕೈ ಬಲಸೊಂಟದ ಬಳಿ ತಟಕ್ಕನೆ ನಿಲ್ಲುತ್ತದೆ. ಅಲ್ಲಿ ಅಂಗೈಯಗಲದ ಒಂದು ಕಲೆ, ನೇರಳೆಹಣ್ಣಿನ ಬಣ್ಣ. ಅದರ ಪಕ್ಕದಲ್ಲಿ ಮತ್ತೊಂದು. ಅದು ಹಳದಿಗೆ ತಿರುಗಿದೆ, ಹೋದ ವಾರದ್ದಿರಬೇಕು.

“ಇದೇನೇ ಇದು?”

“ಸ್ಕೂಲಿನಲ್ಲಿ ಬೆಂಚು ತಗುಲಿತು, ಅಮ್ಮ.”

ಒಂದೇ ಜಾಗವನ್ನು ಹುಡುಕಿಕೊಂಡು ಬಂದು ಎರಡೆರಡು ಸಲ ತಗುಲುವ ಬೆಂಚು ಯಾವ ಶಾಲೆಯಲ್ಲಿಯೂ ಇರಲಾರದು. ಒಂದೂವರೆ ವರ್ಷದಿಂದ ಹುಡುಗಿ ಚಕ್ರದ ಬೂಟು ಕಟ್ಟಿಕೊಂಡು ಸ್ಕೇಟಿಂಗ್ ಕಲಿಯುತ್ತಿದ್ದಾಳೆ. ಮೊದಲು ಸುಮ್ಮನೆ ಸುತ್ತು ಹಾಕುತ್ತಿದ್ದವಳು ಈಗ ಸಂಗೀತಕ್ಕೆ ತಕ್ಕಂತೆ ಬಾಗುವ, ತಿರುಗುವ, ನೆಗೆಯುವ ಕಲಾತ್ಮಕ ಸ್ಕೇಟಿಂಗಿಗೆ ಬಂದಿದ್ದಾಳೆ. ನೆಗೆದವರು ಬೀಳುತ್ತಾರೆ. ಬಿದ್ದದ್ದನ್ನು ಹೇಳಿದರೆ ಅಜ್ಜಿ ಆಟವನ್ನೇ ಬಿಡಿಸಿಯಾರು ಎಂಬ ಭಯದಿಂದ ಮಗು ನೋವನ್ನು ನುಂಗಿಕೊಂಡಿದೆ. ಅದರ ಭಯ ಸುಳ್ಳಲ್ಲ. ಬಾಗಿಲ ಬಳಿ ನಿಂತ ಅಜ್ಜಿಯ ತೀರ್ಪು ಆಗಲೇ ಹೊರಬಿದ್ದಿದೆ: “ಸಾಕು ಕಣಮ್ಮ, ಆ ಚಕ್ರಗಳನ್ನು ಅಟ್ಟದ ಮೇಲೆ ಹಾಕಿಸು. ಕೈಯೋ ಕಾಲೋ ಮುರಿದ ಮೇಲೆ ಅತ್ತರೆ ಬಂದೀತೇ?”

ಅಜ್ಜಿಯ ಮಾತಿನಲ್ಲಿ ಪ್ರೀತಿಯಿದೆ, ತಾಯಿಯ ಮೌನದಲ್ಲಿ ಚಿಂತೆಯಿದೆ, ಹುಡುಗಿಯ ಸುಳ್ಳಿನಲ್ಲಿ ಆಸೆಯಿದೆ. ಮೂರಕ್ಕೂ ಒಪ್ಪುವ ದಾರಿಯೊಂದು ಇದೆಯೇ ಎಂಬುದೇ ಇಲ್ಲಿನ ಪ್ರಶ್ನೆ. ದಾರಿ ಇದೆ. ಆದರೆ ಅಂಗಡಿಗೆ ಹೋಗಿ “ಒಂದು ಸೆಟ್ ಪ್ಯಾಡ್ ಕೊಡಿ” ಎಂದು ಕೇಳಿದ ಮಾತ್ರಕ್ಕೆ ಅದು ಸಿಕ್ಕುವುದಿಲ್ಲ.

ಗಾಲಿಯ ಮೇಲೆ ನಿಂತ ಮನುಷ್ಯ ಬೀಳುವುದು ಹೊಸ ಸಂಗತಿಯೇನೂ ಅಲ್ಲ. ಹದಿನೆಂಟನೆಯ ಶತಮಾನದಲ್ಲಿ, 1760ರ ಸುಮಾರಿಗೆ, ಲಂಡನ್ನಿನಲ್ಲಿದ್ದ ಜಾನ್ ಜೋಸೆಫ್ ಮರ್ಲಿನ್ ಎಂಬ ಯಂತ್ರಕುಶಲಿ ಕಾಲಿಗೆ ಗಾಲಿಗಳನ್ನು ಕಟ್ಟಿಕೊಂಡು, ಪಿಟೀಲು ನುಡಿಸುತ್ತ ದೊಡ್ಡವರ ಕೂಟವೊಂದಕ್ಕೆ ಜಾರಿಕೊಂಡು ಬಂದನಂತೆ. ಮುಂದೆ ಹೋಗುವುದನ್ನು ಕಲಿತಿದ್ದವನು ನಿಲ್ಲುವುದನ್ನು ಕಲಿತಿರಲಿಲ್ಲ. ಎದುರಿಗಿದ್ದ ಬೆಲೆಬಾಳುವ ಕನ್ನಡಿಗೆ ಬಡಿದು ಕನ್ನಡಿಯನ್ನೂ ಪಿಟೀಲನ್ನೂ ಒಡೆದು, ತಾನೂ ಗಾಯಗೊಂಡನೆಂಬ ಕಥೆ ಇಂದಿಗೂ ಪ್ರಚಾರದಲ್ಲಿದೆ. ಮುಂದೆ 1863ರಲ್ಲಿ ಅಮೆರಿಕದ ಜೇಮ್ಸ್ ಪ್ಲಿಂಪ್ಟನ್ ಎಂಬಾತ ಮೈಯನ್ನು ವಾಲಿಸಿದತ್ತ ತಿರುಗುವ ನಾಲ್ಕು ಗಾಲಿಯ ಸ್ಕೇಟನ್ನು ರೂಪಿಸಿದ ಮೇಲೆ ಈ ಆಟಕ್ಕೆ ಬೆಡಗು ಬಂದಿತು. ಇಂದು ವಿಜಯನಗರದಲ್ಲಿಯೋ ಕೆಂಗೇರಿಯಲ್ಲಿಯೋ ಮಕ್ಕಳು ಎರಡು ಗಾಲಿ ಮುಂದೆ, ಎರಡು ಗಾಲಿ ಹಿಂದೆ ಇರುವ ಬೂಟು ತೊಟ್ಟು ಬಳುಕುವುದು ಆ ಮೂಲತತ್ತ್ವದ ಮೇಲೆಯೇ.

ಹಿಮದ ಮೇಲೆ ಆಡುವ ಫಿಗರ್ ಸ್ಕೇಟಿಂಗಿಗೆ ಬೆಂಗಳೂರಿನ ಹವೆ ಒಗ್ಗದು. ಶಿಮ್ಲಾದಲ್ಲಿ 1920ರಿಂದಲೂ ಚಳಿಗೆ ತಾನಾಗಿಯೇ ಹೆಪ್ಪುಗಟ್ಟುವ ಮಂಜುಗಡ್ಡೆಯ ಮೇಲೆ ಜನ ಜಾರಿದ್ದಾರೆ; ನಮ್ಮ ನಾಡಿನ ಮಕ್ಕಳ ಪಾಲಿಗೆ ಒದಗಿರುವುದು ಸಿಮೆಂಟಿನ ಅಂಗಳ. ಆದರೂ ಆಟದ ಒಡಲು ಒಂದೇ. ನಾರ್ವೆಯ ಆಕ್ಸೆಲ್ ಪಾಲ್ಸೆನ್ 1882ರಲ್ಲಿ ಮಂಜಿನ ಮೇಲೆ ಮೊದಲು ನೆಗೆದು ತೋರಿಸಿದ ಒಂದೂವರೆ ಸುತ್ತಿನ ನೆಗೆತಕ್ಕೆ ಸಿಮೆಂಟಿನ ಮೇಲೆಯೂ ‘ಆಕ್ಸೆಲ್’ ಎಂದೇ ಹೆಸರು. ನಮ್ಮವರು ಇದರಲ್ಲಿ ಹಿಂದೆ ಬಿದ್ದಿಲ್ಲ ಎಂಬುದಕ್ಕೆ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟವೇ ಸಾಕ್ಷಿ. ಹೈದರಾಬಾದಿನ ಅನೂಪ್ ಕುಮಾರ್ ಯಮ ಕಲಾತ್ಮಕ ಸ್ಕೇಟಿಂಗಿನ ಒಂಟಿ ವಿಭಾಗದಲ್ಲಿ ಒಂದು ಕಂಚನ್ನೂ, ಅವನಿ ಪಾಂಚಾಲ್ ಅವರ ಜೊತೆಗೂಡಿ ಜೋಡಿ ವಿಭಾಗದಲ್ಲಿ ಇನ್ನೊಂದು ಕಂಚನ್ನೂ ಗೆದ್ದರು. ಆ ಪದಕಗಳ ಹಿಂದೆ ಎಷ್ಟು ಸಾವಿರ ಬೀಳುಗಳಿದ್ದವೋ!

ಬೀಳುವುದನ್ನು ನಮ್ಮ ಹಿರಿಯರು ಬೇರೊಂದು ಬಗೆಯಲ್ಲಿ ನಿಭಾಯಿಸಿದ್ದರು. ಗರಡಿಮನೆಯಲ್ಲಿ ಪೈಲ್ವಾನನು ಮೈಗೆ ಏನನ್ನೂ ಕಟ್ಟಿಕೊಳ್ಳುವುದಿಲ್ಲ. ಅಲ್ಲಿ ಮೆತ್ತೆಯಿರುವುದು ನೆಲದಲ್ಲಿ. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ ಅರಿಸಿನಗಳನ್ನು ಬೆರೆಸಿ, ದಿನವೂ ಅಗೆದು ಹದಮಾಡಿದ ಮಟ್ಟಿಯೇ ಅವನ ಹಾಸಿಗೆ. ಗಾಲಿ ಉರುಳುವುದಕ್ಕಾದರೋ ನೆಲ ಗಟ್ಟಿಯಾಗಿಯೂ ನುಣುಪಾಗಿಯೂ ಇರಲೇಬೇಕು. ಮೆದುವಾದ ನೆಲದಲ್ಲಿ ಆಟವೇ ಇಲ್ಲ. ನೆಲಕ್ಕೆ ಹಾಕಲಾಗದ ಮೆತ್ತೆಯನ್ನು ಮೈಗೆ ಹಾಕಬೇಕಾಯಿತು. ನೀರಿನ ಕೊಡದಡಿಯಲ್ಲಿ ತಲೆಯ ಮೇಲೆ ಸಿಂಬೆ ಇಟ್ಟುಕೊಳ್ಳುವ ಹೆಂಗಸಿಗೆ ಈ ಸೂತ್ರವನ್ನು ಯಾರೂ ಕಲಿಸಬೇಕಾಗಿಲ್ಲ.

ಸೂತ್ರದ ಲೆಕ್ಕ ಹೀಗಿದೆ. ಸೊಂಟವು ನೆಲದಿಂದ 75 ಸೆಂಟಿಮೀಟರ್ ಎತ್ತರದಿಂದ ಬಿತ್ತೆಂದು ಇಟ್ಟುಕೊಳ್ಳಬಹುದು. ಆ ಬೀಳಿನ ವೇಗವೆಲ್ಲ ಒಂದು ಸೆಂಟಿಮೀಟರ್ ದೂರದೊಳಗೆ ಅಡಗಿಹೋಗಬೇಕಾದರೆ ಆ ಭಾಗದ ಮೇಲೆ ಬೀಳುವ ಒತ್ತಡ ಅದರ ಸಹಜವಾದ ತೂಕಕ್ಕಿಂತ ಸರಾಸರಿ ಎಪ್ಪತ್ತೈದು ಪಟ್ಟಿಗೂ ಮೀರುತ್ತದೆ. ಅದೇ ವೇಗ ಎರಡು ಸೆಂಟಿಮೀಟರಿನಲ್ಲಿ ಅಡಗಿದರೆ ಒತ್ತಡ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೆತ್ತೆ ಮಾಡುವ ಕೆಲಸ ಇಷ್ಟೆ: ಪೆಟ್ಟಿಗೆ ತುಸು ದೂರವನ್ನೂ ತುಸು ಹೊತ್ತನ್ನೂ ಕೊಡುವುದು. ಜೊತೆಗೆ, ಒಂದು ಮೂಳೆಯ ತುದಿಯ ಮೇಲೆ ಬೀಳುವ ಪೆಟ್ಟನ್ನು ಅಗಲಕ್ಕೆ ಹಂಚುವುದು. ಆದುದರಿಂದ ಬೆರಳಿನಿಂದ ಒತ್ತಿದೊಡನೆಯೇ ತಳಮುಟ್ಟುವ ಮೆತ್ತೆ ಎಷ್ಟು ದಪ್ಪಗಿದ್ದರೂ ಪ್ರಯೋಜನವಿಲ್ಲ. ಕಲ್ಲಿನಂತೆ ಸ್ವಲ್ಪವೂ ಬಾಗದ ಮೆತ್ತೆಯೂ ನಿಷ್ಪ್ರಯೋಜಕವೇ.

ಈಗ ಆ ತಾಯಿಯನ್ನು ಹಿಂಬಾಲಿಸಬಹುದು. ಸಂಜೆ ಅವಳು ಮಗಳನ್ನು ಕರೆದುಕೊಂಡು, ವೆಸ್ಟ್ ಆಫ್ ಕಾರ್ಡ್ ರೋಡನ್ನು ದಾಟಿ ರಾಜಾಜಿನಗರದ ಆಟದ ಸಾಮಾನಿನ ಅಂಗಡಿಯೊಂದಕ್ಕೆ ಬರುತ್ತಾಳೆ. ಅಂಗಡಿಯವನು ಜಾಲರಿಯ ಚೀಲವೊಂದನ್ನು ಮುಂದಿಡುತ್ತಾನೆ. ಅದರಲ್ಲಿ ಆರು ತುಂಡುಗಳು: ಮಂಡಿಗೆ ಎರಡು, ಮೊಣಕೈಗೆ ಎರಡು, ಮಣಿಕಟ್ಟಿಗೆ ಎರಡು. “ಎಲ್ಲರೂ ಇದನ್ನೇ ಒಯ್ಯುತ್ತಾರಮ್ಮ” ಎನ್ನುತ್ತಾನೆ.

“ಇವಳಿಗೆ ಪೆಟ್ಟು ಬೀಳುತ್ತಿರುವುದು ಸೊಂಟಕ್ಕೆ. ಅದಕ್ಕೆ ಇದರಲ್ಲಿ ಏನಿದೆ?”

ಅಂಗಡಿಯವನಲ್ಲಿ ಉತ್ತರವಿಲ್ಲ. ಆ ಪ್ರಶ್ನೆಯೇ ಆಯ್ಕೆಯ ಮೊದಲ ಪಾಠ. ಮೆತ್ತೆಯನ್ನು ಆರಿಸುವ ಮೊದಲು ಮಗು ಹೇಗೆ ಬೀಳುತ್ತಿದೆಯೆಂದು ನೋಡಬೇಕು. ಒಂದು ದಿನ ಅಂಗಳದ ಪಕ್ಕದಲ್ಲಿ ಅರ್ಧ ಗಂಟೆ ಕುಳಿತು, ಪ್ರತಿಯೊಂದು ಬೀಳಿನಲ್ಲಿಯೂ ನೆಲವನ್ನು ಮೊದಲು ಮುಟ್ಟಿದ್ದು ಯಾವ ಅಂಗವೆಂದು ಗುರುತಿಸಿಕೊಂಡರೆ ಸಾಕು. ಬೇರೆ ಯಾವ ತಜ್ಞರ ಸಲಹೆಯೂ ಇದಕ್ಕೆ ಸಮನಾಗದು.

ಹೊಸದಾಗಿ ಕಲಿಯುವ ಮಗು ಸಾಮಾನ್ಯವಾಗಿ ಮುಂದಕ್ಕೆ ಮುಗ್ಗರಿಸುತ್ತದೆ, ಇಲ್ಲವೆ ಕಾಲು ಮುಂದಕ್ಕೆ ಓಡಿ ಹಿಂದಕ್ಕೆ ಕುಸಿಯುತ್ತದೆ. ಎರಡು ಸಂದರ್ಭಗಳಲ್ಲಿಯೂ ತಿಳಿಯದೆಯೇ ಅಂಗೈ ಮುಂದಾಗುತ್ತದೆ. ಮೈಯ ಭಾರವೆಲ್ಲ ಮಣಿಕಟ್ಟಿನ ಮೇಲೆ ಬಂದು ಕೈ ಹಿಂದಕ್ಕೆ ಮಡಿಚಿಕೊಳ್ಳುತ್ತದೆ. ಇಂಥ ಬೀಳಿನಿಂದಾಗುವ ಮುರಿತವೊಂದನ್ನು ಐರ್ಲೆಂಡಿನ ಶಸ್ತ್ರವೈದ್ಯ ಅಬ್ರಹಾಂ ಕಾಲಿಸ್ 1814ರಲ್ಲಿಯೇ ವರ್ಣಿಸಿದ್ದನು. ವೈದ್ಯರು ಇಂದಿಗೂ ಅವನ ಹೆಸರಿನಿಂದಲೇ ಅದನ್ನು ಕರೆಯುತ್ತಾರೆ. ಅಮೆರಿಕದಲ್ಲಿ ಒಂದೇ ಸಾಲಿನ ಗಾಲಿಯ ಸ್ಕೇಟುಗಳಿಂದ ಬಿದ್ದು ಆಸ್ಪತ್ರೆಗೆ ಬಂದ 161 ಮಂದಿಯನ್ನು ವಿಚಾರಿಸಿದ ವೈದ್ಯರು 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ನೂರಕ್ಕೆ 32 ಮಂದಿಗೆ ಪೆಟ್ಟಾಗಿದ್ದುದು ಮಣಿಕಟ್ಟಿಗೆ. ನೂರಕ್ಕೆ 25 ಮಂದಿಗೆ ಅದರ ಮೂಳೆಯೇ ಮುರಿದಿತ್ತು. ಎಲ್ಲ ರಕ್ಷಣೆಗಳನ್ನೂ ತೊಟ್ಟಿದ್ದವರು ನೂರಕ್ಕೆ 7 ಮಂದಿ ಮಾತ್ರ; ನೂರಕ್ಕೆ 46 ಮಂದಿ ಏನನ್ನೂ ತೊಟ್ಟಿರಲಿಲ್ಲ. ಮಣಿಕಟ್ಟಿನ ಕಾಪು ತೊಡದವರಿಗೆ ಅಲ್ಲಿ ಪೆಟ್ಟಾಗುವ ಸಂಭವ ತೊಟ್ಟವರಿಗಿಂತ ಹತ್ತು ಪಟ್ಟಿಗೂ ಹೆಚ್ಚು. ಮೊಣಕೈ ಪ್ಯಾಡ್ ಇಲ್ಲದವರಿಗೆ ಒಂಬತ್ತು ಪಟ್ಟಿಗೂ ಹೆಚ್ಚು ಎಂದು ಅವರು ಕಂಡುಕೊಂಡರು. ಮಂಡಿಯ ಪ್ಯಾಡಿನ ಲಾಭ ಅಷ್ಟು ಖಚಿತವಾಗಿ ಕಾಣಲಿಲ್ಲ. ತಲೆಗೆ ಪೆಟ್ಟಾದವರ ಸಂಖ್ಯೆ ಕಡಿಮೆಯಿದ್ದುದರಿಂದ ಹೆಲ್ಮೆಟಿನ ವಿಚಾರದಲ್ಲಿ ಅವರು ತೀರ್ಮಾನ ಹೇಳಲಿಲ್ಲ.

ಹೊಸಬರಿಗೆ ಅಂಗಡಿಯ ಆ ಆರು ತುಂಡುಗಳೂ ಒಂದು ಹೆಲ್ಮೆಟೂ ಬೇಕೇಬೇಕೆಂಬುದು ಇದರಿಂದ ಸ್ಪಷ್ಟ. ‘ಕೂಸು ಹುಟ್ಟುವುದಕ್ಕೆ ಮುಂಚೆ ಕುಲಾವಿ ಹೊಲಿಸಿದರು’ ಎಂದು ಅವಸರದವರನ್ನು ಕಂಡು ನಗುವುದುಂಟು. ಸ್ಕೇಟಿಂಗಿನಲ್ಲಿ ಮಾತ್ರ ಕುಲಾವಿಯೇ ಮೊದಲು, ಬೂಟು ಆಮೇಲೆ.

ಆದರೆ ನೆಗೆಯಲು ತೊಡಗಿದ ಹುಡುಗಿಯ ಬೀಳು ಬೇರೆ. ಆಟಗಾರರಲ್ಲಿ ಹೆಚ್ಚಿನವರು ನೆಗೆದಾಗ ಎಡಕ್ಕೆ ತಿರುಗಿ, ಬಲಗಾಲಿನ ಮೇಲೆ ಹಿಮ್ಮುಖವಾಗಿ ಇಳಿಯುತ್ತಾರೆ. ಸುತ್ತು ಪೂರ್ತಿಯಾಗದಿದ್ದರೆ, ಇಲ್ಲವೆ ಮೈ ಹೊರಕ್ಕೆ ವಾಲಿದರೆ, ಬಲಪಕ್ಕದ ಸೊಂಟ ನೆಲಕ್ಕೆ ಬಡಿಯುತ್ತದೆ. ಕಾಲು ಮುಂದಕ್ಕೆ ಜಾರಿದರೆ ಬೆನ್ನೆಲುಬಿನ ಕೊನೆಯ ಪುಟ್ಟ ಮೂಳೆ ಪೆಟ್ಟು ತಿನ್ನುತ್ತದೆ. ಬಚ್ಚಲಮನೆಯಲ್ಲಿ ತಾಯಿ ಕಂಡ ಕಲೆ ಬಲಗಡೆಯಲ್ಲಿಯೇ ಇದ್ದುದು ಆಕಸ್ಮಿಕವಲ್ಲ. ಮಗು ಬಾಯಿಬಿಟ್ಟು ಹೇಳದ್ದನ್ನು ಆ ಕಲೆ ಹೇಳಿತ್ತು. ಇಂಥವರಿಗೆ ಬೇಕಾದುದು ಸೊಂಟದ ಎರಡು ಪಕ್ಕಕ್ಕೂ ಬೆನ್ನಿನ ಬುಡಕ್ಕೂ ಮೆತ್ತೆಯಿರುವ, ಮೈಗೆ ಅಂಟಿಕೊಂಡು ನಿಲ್ಲುವ ಒಳಚಡ್ಡಿ. ಸ್ಕೇಟಿಂಗಿಗೆಂದೇ ಮಾಡಿದವು ಸಿಕ್ಕುತ್ತವೆ. ಸೈಕಲ್ ಸವಾರರ ಮೆತ್ತೆಯ ಚಡ್ಡಿಯನ್ನು ಇದೇ ಎಂದು ತಿಳಿದು ಕೊಳ್ಳುವವರಿದ್ದಾರೆ. ಅದರಲ್ಲಿ ಮೆತ್ತೆಯಿರುವುದು ಕುಳಿತುಕೊಳ್ಳುವ ಜಾಗಕ್ಕೆ, ಬೀಳುವ ಜಾಗಕ್ಕಲ್ಲ.

ಮಂಡಿಯ ವಿಷಯದಲ್ಲಿಯೂ ಹಂತಕ್ಕೆ ತಕ್ಕ ಆಯ್ಕೆ ಬೇಕು. ಹೊಸಬರಿಗೆ ಹೊರಗಡೆ ಗಟ್ಟಿ ಪ್ಲಾಸ್ಟಿಕ್ ಚಿಪ್ಪಿರುವ ಪ್ಯಾಡ್ ಒಳ್ಳೆಯದು. ಒರಟು ಸಿಮೆಂಟಿನ ಮೇಲೆ ಅದು ಜಾರಿಕೊಂಡು ಹೋಗಿ ಪೆಟ್ಟನ್ನೂ ತರಚನ್ನೂ ತಪ್ಪಿಸುತ್ತದೆ. ಕುಕ್ಕರಗಾಲಿನಲ್ಲಿ ಗಿರ್ರನೆ ತಿರುಗುವ, ಕಾಲನ್ನು ಕಾಲಿನ ಮೇಲೆ ದಾಟಿಸುವ ಹುಡುಗಿಗೆ ಆ ಚಿಪ್ಪೇ ಅಡ್ಡಿಯಾಗುತ್ತದೆ. ಒಂದು ಚಿಪ್ಪು ಇನ್ನೊಂದಕ್ಕೆ ತಗುಲಿ ಬೀಳಿಸಲೂಬಹುದು. ಅವಳಿಗೆ ವಾಲಿಬಾಲ್ ಆಟಗಾರರು ತೊಡುವಂಥ, ಕಾಲುಚೀಲದಂತೆ ಏರಿಸಿಕೊಳ್ಳುವ ಮೆದುವಾದ ಪ್ಯಾಡ್ ವಾಸಿ. ಮಣಿಕಟ್ಟಿನ ಕಾಪಿನಲ್ಲಿ ಅಂಗೈ ಕಡೆಗೆ ಬಾಗಿದ ಗಟ್ಟಿ ಪಟ್ಟಿಯೊಂದು ಇರಲೇಬೇಕು. ನೆಲದ ಮೇಲೆ ಜಾರುವುದೂ, ಕೈ ಹಿಂದಕ್ಕೆ ಅತಿಯಾಗಿ ಮಡಿಯದಂತೆ ತಡೆಯುವುದೂ ಅದರದೇ ಕೆಲಸ. ಬರಿಯ ಬಟ್ಟೆಯ ಕೈಗವಸು ಚರ್ಮವನ್ನು ಉಳಿಸೀತು, ಮೂಳೆಯನ್ನು ಉಳಿಸಲಾರದು.

ಮೆತ್ತೆಯೊಳಗಿನ ವಸ್ತುವಿನಲ್ಲಿ ಮುಖ್ಯವಾಗಿ ಮೂರು ಬಗೆ. ಒಂದು, ಸಾಮಾನ್ಯವಾದ ಫೋಮ್: ಹಗುರ, ಅಗ್ಗ, ಆದರೆ ಸಾಕಷ್ಟು ದಪ್ಪವಿರಬೇಕು. ಎರಡನೆಯದು ಜೆಲ್: ತೆಳು, ಮೈಯ ಆಕಾರಕ್ಕೆ ಒಗ್ಗುತ್ತದೆ, ಆದರೆ ತೂಕ ಹೆಚ್ಚು, ನೆಗೆಯುವವರಿಗೆ ಆ ತೂಕ ಗೊತ್ತಾಗುತ್ತದೆ. ಮೂರನೆಯದು ಇತ್ತೀಚಿನದು: ಮೆಲ್ಲನೆ ಅಲುಗಾಡಿಸಿದರೆ ಮೆದುವಾಗಿದ್ದು, ಪೆಟ್ಟು ಬಿದ್ದ ಕ್ಷಣದಲ್ಲಿ ಗಟ್ಟಿಯಾಗುವ ವಸ್ತು. ಡಿ-ಥ್ರೀ-ಓ ಎಂಬುದು ಅದರಲ್ಲಿ ಹೆಸರಾದುದು. 2006ರ ಟುರಿನ್ ಚಳಿಗಾಲದ ಒಲಿಂಪಿಕ್ಸಿನಲ್ಲಿ ಹಿಮಜಾರಾಟದವರ ಉಡುಪಿನಲ್ಲಿ ಅದನ್ನು ಬಳಸಿದ್ದರು. ಈ ವಿಚಿತ್ರವನ್ನು ಅಡಿಗೆಮನೆಯಲ್ಲಿಯೇ ನೋಡಬಹುದು. ಒಂದು ಬಟ್ಟಲು ಕಾರ್ನ್‌ಫ್ಲೋರಿಗೆ ಸುಮಾರು ಅರ್ಧ ಬಟ್ಟಲು ನೀರು ಬೆರೆಸಿ ಬೆರಳನ್ನು ನಿಧಾನವಾಗಿ ಅದ್ದಿದರೆ ಹಿಟ್ಟು ದಾರಿಬಿಡುತ್ತದೆ. ರಪ್ಪನೆ ಬಡಿದರೆ ಹಲಗೆಯಂತೆ ಎದುರು ನಿಲ್ಲುತ್ತದೆ. ಇದರ ಮರ್ಮ ಹೊಸ ಮೆತ್ತೆಯ ಮರ್ಮಕ್ಕೆ ಹತ್ತಿರದ ನೆಂಟ. ಬೆಲೆ ಮಾತ್ರ ದೂರದ್ದು. ಕೈ ಬಿಗಿಯಿರುವ ಮನೆಯವರು ಇದಕ್ಕಾಗಿ ಕೊರಗಬೇಕಾಗಿಲ್ಲ; ಒಂದೆರಡು ಸೆಂಟಿಮೀಟರ್ ದಪ್ಪದ, ಒತ್ತಿದರೆ ತಡೆದು ಬಿಟ್ಟೊಡನೆ ಮರಳುವ ಒಳ್ಳೆಯ ಫೋಮ್ ಅಭ್ಯಾಸಕ್ಕೆ ಸಾಕಾಗುತ್ತದೆ.

ಕೊಳ್ಳುವ ಹೊತ್ತಿನಲ್ಲಿ ಮಧ್ಯಮವರ್ಗದ ಮನೆಗಳ ಒಂದು ಹಳೆಯ ಅಭ್ಯಾಸವನ್ನು ಬಾಗಿಲಾಚೆಯೇ ಬಿಟ್ಟು ಬರಬೇಕು. “ಬೆಳೆಯುವ ಮಗು, ಎರಡು ವರ್ಷ ಬರಲಿ” ಎಂದು ಲಂಗವನ್ನೂ ಶಾಲೆಯ ಸಮವಸ್ತ್ರವನ್ನೂ ದೊಡ್ಡದಾಗಿ ಕೊಳ್ಳುವುದು ವಿವೇಕವೇ. ದೊಡ್ಡ ಪ್ಯಾಡನ್ನು ಕೊಳ್ಳುವುದು ಅವಿವೇಕ. ಬೀಳುವ ಗಳಿಗೆಯಲ್ಲಿ ಅದು ಜಾರಿಹೋಗಿ, ಮೂಳೆ ಒಂದು ಕಡೆ, ಮೆತ್ತೆ ಇನ್ನೊಂದು ಕಡೆಯಾಗುತ್ತದೆ. ಅಂಗಡಿಯಲ್ಲಿಯೇ ಮಗುವಿಗೆ ತೊಡಿಸಿ ಹತ್ತು ಸಲ ಕುಕ್ಕರಗಾಲಿನಲ್ಲಿ ಕುಳಿತೇಳಿಸಬೇಕು, ನಿಂತಲ್ಲಿಯೇ ನೆಗೆಯಿಸಬೇಕು, ಎರಡೂ ಕಡೆಗೆ ತಿರುಗಿಸಬೇಕು. ಮೆತ್ತೆ ಇದ್ದಲ್ಲಿಯೇ ಇದ್ದರೆ ಅಳತೆ ಸರಿ. ಬಿಚ್ಚಿದ ಮೇಲೆ ಚರ್ಮದ ಮೇಲೆ ಆಳವಾದ ಕೆಂಪು ಗೆರೆ ಮೂಡಿದ್ದರೆ, ಅಥವಾ ಕಾಲು ಜೋಮುಹಿಡಿದರೆ, ಅದು ಚಿಕ್ಕದು.

ಹೆಲ್ಮೆಟಿಗೂ ಇದೇ ನಿಯಮ. ಹುಬ್ಬಿನ ಮೇಲೆ ಎರಡು ಬೆರಳಿನಷ್ಟು ಜಾಗ ಬಿಟ್ಟು ಅದು ನೇರವಾಗಿ ಕೂರಬೇಕು. ಪಟ್ಟಿಗಳು ಕಿವಿಯ ಎರಡು ಬದಿಯಿಂದ ಬಂದು ಕೆಳಗೆ ಕೂಡಬೇಕು. ಗಲ್ಲದಡಿಯಲ್ಲಿ ಒಂದೆರಡು ಬೆರಳು ಮಾತ್ರ ತೂರುವಂತಿರಬೇಕು. ಅಪ್ಪನ ಸ್ಕೂಟರಿನ ಹೆಲ್ಮೆಟ್ ಇದಕ್ಕೆ ಬಾರದು. ಅದರ ತೂಕವೇ ಮಗುವಿನ ಕತ್ತಿಗೆ ಭಾರ. ಸೈಕಲ್ ಮತ್ತು ಸ್ಕೇಟಿಂಗ್ ಹೆಲ್ಮೆಟುಗಳಿಗೆ ‘ಇಎನ್ 1078’ ಎಂದೂ, ಮಣಿಕಟ್ಟು, ಮೊಣಕೈ, ಮಂಡಿಗಳ ಕಾಪುಗಳಿಗೆ ‘ಇಎನ್ 14120’ ಎಂದೂ ಯೂರೋಪಿನ ಗುಣಮಟ್ಟದ ಗುರುತುಗಳಿವೆ. ಪೆಟ್ಟಿಗೆಯ ಮೇಲೆ ಚಿತ್ರ ಎಷ್ಟು ಸೊಗಸಾಗಿದೆಯೆಂದು ನೋಡುವ ಬದಲು ಆ ಗುರುತು ಇದೆಯೇ ಎಂದು ನೋಡುವುದು ಮೇಲು. ದೊಡ್ಡಪ್ಪನ ಮಗ ತೊಟ್ಟು ಬಿಟ್ಟ ಪ್ಯಾಡನ್ನು, ಹೆಬ್ಬೆರಳಿನಿಂದ ಒತ್ತಿದಾಗ ಫೋಮ್ ಹಿಂದಕ್ಕೆ ಪುಟಿಯುವುದಾದರೆ, ಧಾರಾಳವಾಗಿ ಬಳಸಬಹುದು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟನ್ನು ಮಾತ್ರ ಬಳಸಬಾರದು; ಹೊರಗೆ ಬಿರುಕು ಕಾಣದಿದ್ದರೂ ಒಳಗಿನ ಮೆತ್ತೆ ತನ್ನ ಕೆಲಸವನ್ನು ಮುಗಿಸಿಬಿಟ್ಟಿರಬಹುದು.

ಕಲಾತ್ಮಕ ಸ್ಕೇಟಿಂಗಿನ ಸ್ಪರ್ಧೆಗಳಲ್ಲಿ ಹೆಲ್ಮೆಟ್ ಇಲ್ಲದೆ ಆಡುವುದೇ ರೂಢಿ. ಮೆತ್ತೆಯನ್ನು ತೊಟ್ಟರೂ ಅದು ಉಡುಪಿನೊಳಗೆ ಅಡಗಿರಬೇಕು. ಇದನ್ನು ನೋಡಿದ ಮಕ್ಕಳು ಅಭ್ಯಾಸದಲ್ಲಿಯೂ ಎಲ್ಲವನ್ನೂ ಕಳಚಿಡಲು ಆತುರಪಡುತ್ತಾರೆ. ಪ್ಯಾಡ್ ಹಾಕಿಕೊಂಡವಳನ್ನು “ಇನ್ನೂ ಪಾಪು” ಎಂದು ಗೆಳತಿಯರು ಹಾಸ್ಯಮಾಡುವುದೂ ಉಂಟು. ಬೀಳುಗಳು ಹೆಚ್ಚಾಗಿರುವುದು ಅಭ್ಯಾಸದಲ್ಲಿ, ಅದರಲ್ಲಿಯೂ ಹೊಸ ನೆಗೆತವನ್ನು ಕಲಿಯುವ ವಾರಗಳಲ್ಲಿ, ಎಂಬುದನ್ನು ಗುರುಗಳೇ ಮಕ್ಕಳಿಗೆ ಹೇಳಬೇಕು. ದೊಡ್ಡ ಹುಡುಗಿಯರು ಒಬ್ಬಿಬ್ಬರು ಮೆತ್ತೆ ತೊಟ್ಟು ಬಂದರೆ ಚಿಕ್ಕವರ ನಾಚಿಕೆ ತಾನಾಗಿಯೇ ಓಡಿಹೋಗುತ್ತದೆ.

ಮೆತ್ತೆ ಎಲ್ಲವನ್ನೂ ಮಾಡಲಾರದು ಎಂಬುದನ್ನೂ ಮನೆಯವರು ತಿಳಿದಿರಬೇಕು. ಹರಡು ಉಳುಕುವುದನ್ನು, ಮಂಡಿ ತಿರುಚುವುದನ್ನು ಅದು ತಡೆಯದು. ಅದಕ್ಕೆ ಸರಿಯಾದ ಅಳತೆಯ, ಬಿಗಿಯಾಗಿ ಕಟ್ಟಿದ ಬೂಟು ಬೇಕು. ಬೀಳುವುದನ್ನೂ ಒಂದು ವಿದ್ಯೆಯಂತೆ ಕಲಿಸಬೇಕು: ಆಯ ತಪ್ಪಿತೆಂದು ತಿಳಿದೊಡನೆ ಮಂಡಿ ಬಗ್ಗಿಸಿ ಕೆಳಕ್ಕೆ ಇಳಿಯುವುದು, ಪಕ್ಕಕ್ಕೆ ವಾಲುವುದು, ಗಲ್ಲವನ್ನು ಎದೆಗೆ ಒತ್ತಿಕೊಳ್ಳುವುದು, ಬಿದ್ದ ಮೇಲೆ ಬೆರಳುಗಳನ್ನು ಮುಷ್ಟಿಯೊಳಗೆ ಸೇರಿಸುವುದು. ಇಲ್ಲದಿದ್ದರೆ ಹಿಂದೆ ಬರುವವರ ಗಾಲಿ ಬೆರಳಿನ ಮೇಲೆ ಹರಿದೀತು.

ಬಿದ್ದ ಮೇಲೆ ಮಣಿಕಟ್ಟು ಊದಿಕೊಂಡರೆ, ಹೆಬ್ಬೆರಳಿನ ಬುಡದ ಗುಳಿಯಲ್ಲಿ ಒತ್ತಿದಾಗ ನೋವಾದರೆ, ಎಣ್ಣೆ ತಿಕ್ಕಿ ಸುಮ್ಮನಾಗಬಾರದು. ಅಲ್ಲಿ ದೋಣಿಯ ಆಕಾರದ ಪುಟ್ಟ ಮೂಳೆಯೊಂದಿದೆ. ಅದರ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು, ಅದಕ್ಕೆ ರಕ್ತ ಹರಿಯುವುದೂ ಅಷ್ಟಕ್ಕಷ್ಟೆ. ಮಕ್ಕಳ ಮೂಳೆಯ ತುದಿಗಳಲ್ಲಿ ಬೆಳವಣಿಗೆಯ ಮೆದುಪದರವಿರುತ್ತದೆ. ಅದಕ್ಕೆ ಧಕ್ಕೆಯಾದರೆ ಕೈ ಬೆಳೆಯುವ ರೀತಿಯೇ ಕೆಡಬಹುದು. ಆದುದರಿಂದ ನಾಟಿ ಕಟ್ಟಿನ ಮೇಲೆ ಎಷ್ಟೇ ನಂಬಿಕೆಯಿದ್ದರೂ ಮೊದಲು ಮೂಳೆವೈದ್ಯರಿಗೆ ತೋರಿಸತಕ್ಕದ್ದು. ತಲೆಗೆ ಪೆಟ್ಟು ಬಿದ್ದ ಮಗು ವಾಂತಿ ಮಾಡಿಕೊಂಡರೆ, ಹೊತ್ತಲ್ಲದ ಹೊತ್ತಿನಲ್ಲಿ ತೂಕಡಿಸಿದರೆ, ಮಾತು ತಡವರಿಸಿದರೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಅಂದಿನ ಆಟ ಅಲ್ಲಿಗೇ ಮುಗಿಯಬೇಕು; ಮತ್ತೆ ಯಾವಾಗ ಆಡಬಹುದೆಂಬುದನ್ನು ವೈದ್ಯರೇ ಹೇಳಬೇಕು.

ಆ ಮನೆಯ ಕಥೆಗೆ ಮರಳಿದರೆ, ತಾಯಿ ಅಂದು ಬರಿಗೈಯಲ್ಲಿ ಬರಲಿಲ್ಲ. ಮೆದುವಾದ ಮಂಡಿ ಪ್ಯಾಡೊಂದು ಜೊತೆ ಅಳತೆಗೆ ಸರಿಯಾಗಿ ಸಿಕ್ಕಿತು. ಸೊಂಟದ ಮೆತ್ತೆಯ ಚಡ್ಡಿ ಚಿಕ್ಕ ಅಳತೆಯಲ್ಲಿ ಇರಲಿಲ್ಲ. ಬಿಡಿಯಾಗಿ ಮಾರುವ ಫೋಮ್ ತುಂಡುಗಳು ಮಾತ್ರ ದೊರಕಿದವು. ಅವನ್ನು ಮೈಗೆ ನಿಲ್ಲಿಸುವುದು ಹೇಗೆ? ಊಟದ ಮನೆಯ ಮೇಜಿನ ಮೇಲೆ ಅವನ್ನು ಹರಡಿಕೊಂಡು ಗಂಡಹೆಂಡಿರು ಚರ್ಚಿಸುತ್ತಿರುವಾಗ ಅಜ್ಜಿ ಬಂದು ಒಂದನ್ನು ಎತ್ತಿ ಒತ್ತಿ ನೋಡಿದರು.

“ಇದರ ಬದಲು ಹತ್ತಿ ತುಂಬಿಸಿ ಹೊಲಿದುಕೊಟ್ಟರೆ ಆಗುವುದಿಲ್ಲವೇ?”

“ಹತ್ತಿ ಬೆವರಿಗೆ ನೆನೆದು ಗಂಟುಕಟ್ಟುತ್ತದೆ, ಅತ್ತೆ. ನಾಲ್ಕು ಸಲ ಬೀಳುವಷ್ಟರಲ್ಲಿ ಹಪ್ಪಳವಾಗುತ್ತದೆ. ಇದು ಮತ್ತೆ ಉಬ್ಬುತ್ತದೆ ನೋಡಿ.”

ಅಜ್ಜಿ ಮತ್ತೊಮ್ಮೆ ಒತ್ತಿದರು. ಫೋಮ್ ಮತ್ತೆ ಉಬ್ಬಿತು. ಅವರು ಏನೂ ಹೇಳದೆ ಮೊಮ್ಮಗಳನ್ನು ಕರೆದು ನಿಲ್ಲಿಸಿ, “ಎಲ್ಲಿ ಬೀಳುತ್ತೀಯೋ ಕೈ ಇಟ್ಟು ತೋರಿಸು” ಎಂದರು. ಹುಡುಗಿ ಅಮ್ಮನ ಮುಖವನ್ನು ನೋಡಿದಳು. ತಾಯಿ ಅಂದಳು: “ಹೇಳು. ಬಿದ್ದದ್ದಕ್ಕಾಗಿ ಯಾರೂ ನಿನ್ನ ಆಟವನ್ನು ನಿಲ್ಲಿಸುವುದಿಲ್ಲ. ಬಚ್ಚಿಟ್ಟರೆ ಮಾತ್ರ ನಿಲ್ಲಿಸುತ್ತೇನೆ.” ಆಗ ಆ ಪುಟ್ಟ ಕೈ ಬಲಸೊಂಟದ ಮೇಲೆ ಹೋಗಿ ನಿಂತಿತು, ಆಮೇಲೆ ಬೆನ್ನಿನ ಬುಡಕ್ಕೆ, ಕೊನೆಗೆ, ತುಸು ತಡೆದು, ಯಾರಿಗೂ ಗೊತ್ತಿಲ್ಲದ ಎಡಮೊಣಕೈಗೆ.

ಆ ರಾತ್ರಿ ಹಳೆಯ ಉಷಾ ಯಂತ್ರಕ್ಕೆ ಎಣ್ಣೆ ಬಿತ್ತು. ಮೈಗಂಟುವ ಚಡ್ಡಿಯ ಒಳಗಡೆ, ಸೀಮೆಸುಣ್ಣದಲ್ಲಿ ಗುರುತುಮಾಡಿದ ಜಾಗಗಳಲ್ಲಿ, ಅಜ್ಜಿ ಮೂರು ಜೇಬುಗಳನ್ನು ಹೊಲಿದರು. ಒಗೆಯುವಾಗ ಮೆತ್ತೆಯನ್ನು ಹೊರಗೆ ತೆಗೆದು ನೆರಳಿನಲ್ಲಿ ಒಣಗಿಸಲು ಅನುಕೂಲವಾಗುವಂತೆ ಜೇಬಿನ ಬಾಯನ್ನು ಒಂದರ ಮೇಲೊಂದು ಮಡಿಸಿದರು. ಅಂಗಡಿಯ ಮಾಲಿನಲ್ಲಿ ಎಲ್ಲರಿಗೂ ಒಂದೇ ಅಳತೆ; ಈ ಜೇಬುಗಳು ಆ ಮಗು ಬೀಳುವ ಜಾಗದಲ್ಲಿಯೇ ಇದ್ದವು.

ಭಾನುವಾರ ಅಭ್ಯಾಸ ಮುಗಿಸಿ ಬಂದ ಹುಡುಗಿ ಬಾಗಿಲಲ್ಲಿಯೇ ನಿಂತು ಲೆಕ್ಕ ಒಪ್ಪಿಸಿದಳು: “ಅಜ್ಜಿ, ಇವತ್ತು ಹನ್ನೊಂದು ಸಲ ಬಿದ್ದೆ. ಮೂರು ಸಲ ಸರಿಯಾಗಿ ಇಳಿದೆ.”

ಅಜ್ಜಿ ಕನ್ನಡಕವನ್ನು ಏರಿಸಿಕೊಂಡು, ಅವಳನ್ನು ಬೆಳಕಿನತ್ತ ತಿರುಗಿಸಿದರು.

“ಬಾ ಇಲ್ಲಿ. ಹೊಲಿಗೆ ಎಲ್ಲಿಯಾದರೂ ಬಿಟ್ಟಿದೆಯೋ ನೋಡೋಣ.”